ಅಪ್ರೆಂಟಿಸ್ ತರಬೇತಿ: ಕಲಿಕೆಯೋ, ಬರಿಯ ಉಮೇದುವಾರಿಯೋ?

ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ‘ಶಿಕಾವೂ ಉಮೇದವಾರ’ ಎಂಬ ಮರಾಠಿ ನುಡಿ ಹೊಸದೇನಲ್ಲ. ಕಾರ್ಖಾನೆಗಳ ಸೂಚನಾ ಫಲಕಗಳಲ್ಲಿ, ಪತ್ರಿಕೆಗಳ ಜಾಹೀರಾತುಗಳಲ್ಲಿ ಅದು ಆಗಾಗ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನ ‘ಅಪ್ರೆಂಟಿಸ್’ ಎಂಬುದಕ್ಕೆ ಮರಾಠಿಗರು ಮಾಡಿಕೊಂಡ ಹೆಸರು ಅದು. ಕರ್ನಾಟಕದ ಆಡಳಿತ ಕನ್ನಡದಲ್ಲಿ ಇದಕ್ಕೆ ‘ಶಿಶಿಕ್ಷು’ ಎಂಬ ಪದವಿದೆಯಾದರೂ ಜನರ ಬಾಯಲ್ಲಿ ಅದು ನೆಲೆಗೊಂಡಿಲ್ಲ. ಅವರು ಅಪ್ರೆಂಟಿಸ್ ಎಂದೇ ಅನ್ನುತ್ತಾರೆ. ಮರಾಠಿಯ ಜೋಡಿಪದದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ‘ಶಿಕಾವೂ’ ಎಂದರೆ ಕಲಿಯುತ್ತಿರುವವನು. ‘ಉಮೇದವಾರ’ ಎಂದರೆ ಆಸೆಯಿಟ್ಟು ಕಾದಿರುವವನು. ಇಂದಲ್ಲ ನಾಳೆ ಖಾಲಿ ಜಾಗ ಸಿಕ್ಕೀತೆಂದು ಕಚೇರಿಗಳಲ್ಲಿ ಸಂಬಳವಿಲ್ಲದೆ ಉಮೇದುವಾರಿ ಮಾಡುತ್ತಿದ್ದವರ ಕಥೆಗಳನ್ನು ನಾವು ಹಿರಿಯರಿಂದ ಕೇಳಿದ್ದೇವೆ. ಅಪ್ರೆಂಟಿಸ್ ತರಬೇತಿಯಲ್ಲಿ ಕಲಿಕೆ ಮತ್ತು ಆಸೆ ಎರಡೂ ಕೂಡಿಕೊಂಡಿವೆ. ಆಸೆಗೆ ಕಾಯ್ದೆ ಭರವಸೆ ಕೊಟ್ಟಿಲ್ಲ, ಕಲಿಕೆಗೆ ಕೊಟ್ಟಿದೆ. ಆದರೆ ಕೊಟ್ಟ ಭರವಸೆ ಈಡೇರಿತೇ ಎಂದು ಕೇಳುವವರಿಲ್ಲ. ಕೊಡದ ಭರವಸೆಗಾಗಿ ಹುಡುಗರು ಬೀದಿಗಿಳಿಯುತ್ತಾರೆ. ನಿರುದ್ಯೋಗಿ ತರುಣರಿಗೆ ಈ ತರಬೇತಿ ನಿಜವಾಗಿ ನೆರವಾಗಬೇಕಾದರೆ ಮೊದಲು ಕಲಿಕೆಯ ಲೆಕ್ಕ ಕೇಳಬೇಕು ಎಂಬುದು ಈ ಲೇಖನದ ವಾದ. ಇದು ನನ್ನ ಸ್ವಂತ ಅಭಿಪ್ರಾಯವೇ ಹೊರತು ನಾನು ಸೇವೆ ಸಲ್ಲಿಸುತ್ತಿರುವ ಇಲಾಖೆಯದಲ್ಲ ಎಂಬುದನ್ನು ಮೊದಲೇ ನಿವೇದಿಸುತ್ತೇನೆ.

ಸಮಸ್ಯೆಯ ಸ್ವರೂಪವನ್ನು ಮೊದಲು ನೋಡೋಣ. ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ 2023-24ರಲ್ಲಿ 15ರಿಂದ 29ರ ವಯೋಮಾನದವರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 10.2ರಷ್ಟಿತ್ತು. ಈ ಸರಾಸರಿಯ ಒಳಗೆ ಅಡಗಿರುವ ಇನ್ನೊಂದು ಅಂಕಿ ಹೆಚ್ಚು ಕಳವಳಕಾರಿಯಾದುದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಹಯೋಗದಲ್ಲಿ 2024ರಲ್ಲಿ ಪ್ರಕಟವಾದ ಭಾರತದ ಉದ್ಯೋಗ ವರದಿಯು, 2022ರಲ್ಲಿ ಓದು ಬರಹ ಬಾರದ ತರುಣರಲ್ಲಿ ನಿರುದ್ಯೋಗ ಶೇಕಡಾ 3.4 ಇದ್ದರೆ ಪದವೀಧರ ತರುಣರಲ್ಲಿ ಅದು ಶೇಕಡಾ 29.1 ಇತ್ತೆಂದು ತಿಳಿಸುತ್ತದೆ. ಓದದವನಿಗೆ ಕೆಲಸವಿಲ್ಲದೆ ಕುಳಿತಿರುವ ಶಕ್ತಿಯಿಲ್ಲ. ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನು ಓದಿಗೆ ತಕ್ಕುದು ಸಿಗಲೆಂದು ಕಾಯುತ್ತಾನೆ. ಮನೆಯವರು ಹೇಗೋ ಸಾಕುತ್ತಾರೆ. ಕಾದಷ್ಟೂ ಕಲಿತದ್ದು ಮಾಸುತ್ತದೆ, ವಯಸ್ಸು ಮೀರುತ್ತದೆ. ಅತ್ತ ಉದ್ಯಮಿಗಳನ್ನು ಕೇಳಿದರೆ, ಅರ್ಜಿಗಳು ರಾಶಿ ಬೀಳುತ್ತವೆ, ಕೆಲಸ ಬಲ್ಲವರು ಮಾತ್ರ ಸಿಗುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜವಿದೆ.

ನೇಮಕಾತಿ ಮಂಡಲಿಗಳಲ್ಲಿ ಕುಳಿತು ಅಭ್ಯರ್ಥಿಗಳನ್ನು ಪ್ರಶ್ನಿಸುವ ಹೊಣೆ ಹಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಆಸ್ತಿ-ಹೊಣೆ ಪಟ್ಟಿಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವ ವಾಣಿಜ್ಯ ಪದವೀಧರನ ಮುಂದೆ ನಿಜವಾದ ಒಂದು ಬಿಲ್ಲನ್ನು ಇಟ್ಟು, ಇದರಲ್ಲಿ ತೆರಿಗೆ ಎಷ್ಟು, ಇದನ್ನು ಯಾವ ಖಾತೆಗೆ ಬರೆಯುತ್ತೀ ಎಂದರೆ ಅವನು ತಬ್ಬಿಬ್ಬಾಗುತ್ತಾನೆ. ಅವನ ಬುದ್ಧಿಯಲ್ಲಿ ಕೊರತೆಯಿಲ್ಲ. ಅಂಥ ಬಿಲ್ಲನ್ನು ಯಾರೂ ಅವನ ಕೈಗೆ ಕೊಟ್ಟಿರಲಿಲ್ಲ, ಅಷ್ಟೆ. ಹೊತ್ತಿಗೆ ಸರಿಯಾಗಿ ಬರುವುದು, ಹೇಳಿದ್ದನ್ನು ಗುರುತು ಹಾಕಿಕೊಳ್ಳುವುದು, ತಿಳಿಯದಿದ್ದರೆ ನಾಚದೆ ಕೇಳುವುದು, ತಪ್ಪಾದಾಗ ಮುಚ್ಚಿಡದೆ ಮೇಲಿನವರಿಗೆ ತಿಳಿಸುವುದು, ಬೇರೆ ಭಾಷೆಯ ಬೇರೆ ವಯಸ್ಸಿನ ಜನರೊಡನೆ ಹೊಂದಿಕೊಂಡು ದುಡಿಯುವುದು, ಇವೆಲ್ಲ ಕೆಲಸದ ಜಾಗದಲ್ಲಿ ಮಾತ್ರ ಕಲಿಯಬಹುದಾದ ವಿದ್ಯೆಗಳು. ಕೆಲಸವಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ ಎಂಬ ಸುಳಿಯಿಂದ ಹೊರಬರಲು ಅಪ್ರೆಂಟಿಸ್ ತರಬೇತಿಯಷ್ಟು ನೇರವಾದ ದಾರಿ ಇನ್ನೊಂದಿಲ್ಲ.

ಹೊರನಾಡ ಕನ್ನಡಿಗರಿಗೆ, ಅದರಲ್ಲೂ ಮುಂಬಯಿಯವರಿಗೆ, ಈ ದಾರಿ ಪುಸ್ತಕದಿಂದ ತಿಳಿಯಬೇಕಾದುದಲ್ಲ. ಕರಾವಳಿಯಿಂದ ಬಂದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆಯುವುದರಿಂದ ಆರಂಭಿಸಿ, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಭಟ್ಟರ ಕೈಕೆಳಗೆ ಹಿಟ್ಟಿನ ಹದ ಕಲಿತು, ಕೊನೆಗೆ ಗಲ್ಲಾದ ಮೇಲೆ ಕುಳಿತ ಚರಿತ್ರೆ ನಮ್ಮೆಲ್ಲರಿಗೂ ಗೊತ್ತು. ಅವರಲ್ಲಿ ಅನೇಕರು ಹಗಲು ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಅಲ್ಲಿಂದ ಕಾಲೇಜು ಸೇರಿ ವಕೀಲರಾದರು, ಬ್ಯಾಂಕು ಸೇರಿದರು, ಸ್ವಂತ ಉದ್ಯಮ ತೆರೆದರು. ಹಗಲು ಕೆಲಸದ ಪಾಠ, ರಾತ್ರಿ ಪುಸ್ತಕದ ಪಾಠ. ಜರ್ಮನಿಯವರು ಇಂಥದನ್ನೇ ‘ಇಮ್ಮಡಿ ವ್ಯವಸ್ಥೆ’ ಎಂದು ಕರೆದು ಕಾಯ್ದೆಯ ಚೌಕಟ್ಟಿನಲ್ಲಿ ಕೂರಿಸಿದ್ದಾರೆ. ನಮ್ಮವರು ಅದನ್ನು ಯಾವ ಕಾಯ್ದೆಯ ಆಸರೆಯೂ ಇಲ್ಲದೆ ಕಟ್ಟಿಕೊಂಡಿದ್ದರು.

ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನ್ನದಲ್ಲ. ಹತ್ತು ಹನ್ನೆರಡರ ಎಳೆಯರು ದಿನಕ್ಕೆ ಹದಿನಾಲ್ಕು ತಾಸು ದುಡಿದ ದಿನಗಳವು. ಗೆದ್ದವರ ಕಥೆ ಉಳಿಯಿತು, ಬಿದ್ದವರ ಕಥೆ ಯಾರೂ ಬರೆಯಲಿಲ್ಲ. ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಕಾನೂನು ಇಂದು ನಿಷೇಧಿಸಿರುವುದು ನ್ಯಾಯವೇ. ಕಲಿತ ವಿದ್ಯೆಗೆ ಆಗ ಪ್ರಮಾಣಪತ್ರವೂ ಇರಲಿಲ್ಲ. ಒಬ್ಬ ಮಾಲೀಕನ ಬಾಯಿಮಾತೇ ಇನ್ನೊಬ್ಬನಿಗೆ ಸಾಕ್ಷಿ. ಆದರೂ ಆ ವ್ಯವಸ್ಥೆಯಲ್ಲಿ ಎರಡು ಗುಣಗಳಿದ್ದವು. ಕಲಿಸುವ ಒಬ್ಬ ವ್ಯಕ್ತಿ ಪಕ್ಕದಲ್ಲೇ ಇರುತ್ತಿದ್ದ. ದೂರದಿಂದ ಬಂದವನಿಗೆ ಊಟಕ್ಕೂ ಮಲಗುವುದಕ್ಕೂ ಜಾಗ ಸಿಗುತ್ತಿತ್ತು. ಇಂದಿನ ತರಬೇತಿಯ ಏರ್ಪಾಡುಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವುವು ಈ ಎರಡೇ.

ಈಗ ಕಾಯ್ದೆಯ ಮಾತು. ಅಪ್ರೆಂಟಿಸ್ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 1961ರಲ್ಲಿ. ಮೊದಲು ಅದು ಟರ್ನರ್, ಫಿಟ್ಟರ್, ವೆಲ್ಡರ್ ಮುಂತಾದ ಕಸುಬುಗಳಿಗಷ್ಟೇ ಅನ್ವಯಿಸುತ್ತಿತ್ತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರು ಮತ್ತು ಡಿಪ್ಲೊಮಾ ಪಡೆದವರು, 1986ರ ತಿದ್ದುಪಡಿಯಿಂದ ಹನ್ನೆರಡನೆಯ ತರಗತಿಯ ವೃತ್ತಿಶಿಕ್ಷಣ ವಿಭಾಗದವರು ಅದರ ವ್ಯಾಪ್ತಿಗೆ ಬಂದರು. 2014ರ ತಿದ್ದುಪಡಿ ಕಲೆ, ವಾಣಿಜ್ಯ, ವಿಜ್ಞಾನದ ಪದವೀಧರರಿಗೂ ಬಾಗಿಲು ತೆರೆಯಿತು. ಮಾಲೀಕರಿಗಿದ್ದ ಜೈಲು ಶಿಕ್ಷೆಯ ಭಯವನ್ನು ತೆಗೆದು ದಂಡವನ್ನಷ್ಟೇ ಇರಿಸಿತು. 2019ರಲ್ಲಿ ನಿಯಮಗಳು ಮತ್ತೆ ಬದಲಾದವು. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. 4ರಿಂದ 29 ಜನರಿರುವಲ್ಲಿ ಅದು ಐಚ್ಛಿಕ. ವಿದ್ಯಾವೇತನ ಓದಿಗೆ ಅನುಸಾರವಾಗಿ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಎಂದು ನಿಗದಿಯಾಯಿತು. ಇದನ್ನು 6,800ರಿಂದ 12,300ಕ್ಕೆ ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್ ಮಂಡಲಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು.

ಇವು ಎಲ್ಲರೂ ಚರ್ಚಿಸುವ ಅಂಶಗಳು. ಚರ್ಚೆಗೆ ಬಾರದ ಮೂರು ಸೆಕ್ಷನ್ನುಗಳು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮಹತ್ವದವು. ಹತ್ತನೆಯದು, ಕೈಕೆಲಸದ ಜೊತೆಗೆ ಆ ಕಸುಬಿಗೆ ಸಂಬಂಧಿಸಿದ ಪಾಠವನ್ನೂ ಅಪ್ರೆಂಟಿಸನಿಗೆ ಕೊಡಬೇಕೆನ್ನುತ್ತದೆ. ಹನ್ನೊಂದನೆಯದು, ಮಾಲೀಕ ಸ್ವತಃ ಆ ಕಸುಬನ್ನು ಬಲ್ಲವನಲ್ಲದಿದ್ದರೆ, ನಿಗದಿತ ಅರ್ಹತೆಯುಳ್ಳ ಒಬ್ಬನಿಗೆ ತರಬೇತಿಯ ಹೊಣೆ ವಹಿಸಬೇಕೆನ್ನುತ್ತದೆ. ಹತ್ತೊಂಬತ್ತನೆಯದು, ಪ್ರತಿಯೊಬ್ಬ ಅಪ್ರೆಂಟಿಸನ ಕಲಿಕೆ ಎಷ್ಟು ಮುಂದುವರಿಯಿತೆಂಬ ದಾಖಲೆಯನ್ನು ಮಾಲೀಕ ಇಡಬೇಕೆನ್ನುತ್ತದೆ. ಪಾಠ, ಗುರು, ದಾಖಲೆ ಎಂಬ ಈ ಮೂರೂ ಸೇರಿದರೆ ಕಲಿಕೆಗೆ ಕಾಯ್ದೆ ಕೊಟ್ಟ ಖಾತರಿಯಾಗುತ್ತದೆ. ಇದಕ್ಕೆ ಪ್ರತಿಯಾಗಿಯೇ ಅಪ್ರೆಂಟಿಸ್ ಕೆಲವು ಹಕ್ಕುಗಳನ್ನು ಬಿಟ್ಟುಕೊಡುತ್ತಾನೆ. ಹದಿನೆಂಟನೆಯ ಸೆಕ್ಷನ್ನಿನ ಪ್ರಕಾರ ಅವನು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಇಪ್ಪತ್ತೆರಡನೆಯ ಸೆಕ್ಷನ್ನು ಮೊದಲು ಮಾಲೀಕ ಕೆಲಸ ಕೊಡಲೇಬೇಕೆಂಬ ಕಡ್ಡಾಯವಿಲ್ಲವೆಂದಿತ್ತು. 2014ರ ನಂತರ, ತರಬೇತಿ ಮುಗಿಸಿದವರ ನೇಮಕದ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಿಕೊಳ್ಳಬೇಕೆನ್ನುತ್ತದೆ. ಕಲಿಸದೆ ಹೋದರೆ ಈ ಕೊಡುಕೊಳ್ಳುವಿಕೆ ಏನಾಗುತ್ತದೆ? ಹುಡುಗ ಕಾರ್ಮಿಕನ ಹಕ್ಕನ್ನೂ ಕಳೆದುಕೊಂಡ, ವಿದ್ಯಾರ್ಥಿಯ ಲಾಭವನ್ನೂ ಪಡೆಯಲಿಲ್ಲ.

ಇದು ಬರಿಯ ತರ್ಕವಲ್ಲ. ಹೆಸರು ಹೇಳಬೇಕಾಗಿಲ್ಲದ ಒಂದು ಕಾರ್ಖಾನೆಯಲ್ಲಿ ಇಂಥ ದಾಖಲೆ ಪುಸ್ತಕಗಳನ್ನು ನೋಡುವ ಅವಕಾಶ ನನಗೆ ಒದಗಿತ್ತು. ಹನ್ನೆರಡು ತಿಂಗಳ ಪುಟಗಳನ್ನೂ ಒಂದೇ ಕೈ, ಒಂದೇ ಪೆನ್ನು, ಬಹುಶಃ ಒಂದೇ ಮಧ್ಯಾಹ್ನ ತುಂಬಿತ್ತು. ಎಲ್ಲ ಹುಡುಗರದೂ ‘ಪ್ರಗತಿ ತೃಪ್ತಿಕರ’. ಆ ಹುಡುಗರನ್ನು ಮಾತಿಗೆಳೆದಾಗ, ಸಾಮಾನು ಹೊರುವುದು, ನೆಲ ಗುಡಿಸುವುದು, ಪೆಟ್ಟಿಗೆ ಕಟ್ಟುವುದರಲ್ಲೇ ವರ್ಷ ಕಳೆದುದು ತಿಳಿಯಿತು. ಅಲ್ಲಿಂದ ದೂರವಲ್ಲದ ಇನ್ನೊಂದು ಸಣ್ಣ ವರ್ಕ್‌ಶಾಪಿನಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಟರ್ನರ್ ಇಬ್ಬರು ಹುಡುಗರನ್ನು ಲೇಥಿನ ಮುಂದೆ ನಿಲ್ಲಿಸಿಕೊಂಡು, ಮೈಕ್ರೋಮೀಟರಿನಿಂದ ಅಳೆದು ತೋರಿಸಿ, ಕೆಟ್ಟ ತುಂಡನ್ನು ಅವರ ಕೈಯಲ್ಲೇ ಮತ್ತೆ ಮಾಡಿಸುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಎರಡು ಕಡೆಯ ಹುಡುಗರೂ ಒಂದೇ. ಒಬ್ಬೊಬ್ಬನಿಗೆ ಒಂದೊಂದು ಅಂಕಿ.

ಆ ಲೆಕ್ಕದ ಬಗ್ಗೆ ಸ್ವಲ್ಪ ಹೇಳಬೇಕು. 2016ರ ಆಗಸ್ಟಿನಲ್ಲಿ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆ ಆರಂಭವಾದಾಗ ದೇಶದಲ್ಲಿದ್ದ ಅಪ್ರೆಂಟಿಸರು ಸುಮಾರು 2.3 ಲಕ್ಷ. 2020ರ ಹೊತ್ತಿಗೆ ಅದನ್ನು 50 ಲಕ್ಷಕ್ಕೆ ಮುಟ್ಟಿಸಬೇಕೆಂಬುದು ಗುರಿ. ಮಾಲೀಕ ಕೊಡುವ ವಿದ್ಯಾವೇತನದಲ್ಲಿ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಸರ್ಕಾರ ಭರಿಸುವ ಏರ್ಪಾಡು ಬಂತು. 2025ರ ಮೇ ತಿಂಗಳವರೆಗೆ ಈ ಯೋಜನೆಯಡಿ ಸೇರಿದವರ ಒಟ್ಟು ಸಂಖ್ಯೆ 43 ಲಕ್ಷ ದಾಟಿದೆ. ಗುರಿಗೆ ತಡವಾಯಿತಾದರೂ ಇದು ಸಣ್ಣ ಸಾಧನೆಯಲ್ಲ. ಇದರ ಹಿಂದೆ ದುಡಿದ ಸಹೋದ್ಯೋಗಿಗಳ ಶ್ರಮವನ್ನು ನಾನು ಬಲ್ಲೆ. ಆದರೆ ಕಡತಗಳೊಡನೆ ಮೂರು ದಶಕ ಕಳೆದವನಿಗೆ ಇನ್ನೊಂದೂ ಗೊತ್ತು: ಯಾವುದನ್ನು ಮೇಲಿನವರು ಎಣಿಸಿ ಕೇಳುತ್ತಾರೋ ಅದು ನಡೆಯುತ್ತದೆ. ಸೇರಿದವರೆಷ್ಟು ಎಂದು ಕೇಳಿದರೆ ಸೇರುತ್ತಾರೆ. ಕಲಿಸಿದವರು ಯಾರು, ಕಲಿತದ್ದೇನು ಎಂದು ಕೇಳಿದರೆ ಕಲಿಸುವುದಕ್ಕೂ ಮನಸ್ಸಾದೀತು.

ಕಲಿಕೆ ಕಾಣದಾದಾಗ ತರುಣರ ಮನಸ್ಸು ಸಹಜವಾಗಿಯೇ ಎರಡನೆಯ ಪದಕ್ಕೆ, ಉಮೇದಿಗೆ, ಅಂಟಿಕೊಳ್ಳುತ್ತದೆ. 2018ರ ಮಾರ್ಚ್ 20ರ ಬೆಳಗನ್ನು ಮುಂಬಯಿಯ ಓದುಗರು ಮರೆತಿರಲಾರರು. ರೈಲ್ವೆಯಲ್ಲಿ ಅಪ್ರೆಂಟಿಸ್ ತರಬೇತಿ ಮುಗಿಸಿದ ಯುವಕರು ಮಾಟುಂಗಾ ಮತ್ತು ದಾದರ್ ನಡುವೆ ಹಳಿಗಳ ಮೇಲೆ ಕುಳಿತು ಗಂಟೆಗಟ್ಟಲೆ ಲೋಕಲ್ ಗಾಡಿಗಳನ್ನು ತಡೆದರು. ಕೆಳದರ್ಜೆಯ ನೇಮಕಾತಿಯಲ್ಲಿ ತಮಗಿಟ್ಟಿರುವ ಶೇಕಡಾ 20ರ ಮಿತಿಯನ್ನು ತೆಗೆದು ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂಬುದು ಅವರ ಬೇಡಿಕೆ. ಕಚೇರಿಗೆ ಹೊರಟ ಲಕ್ಷಾಂತರ ಜನರಿಗೆ ತೊಂದರೆಯಾದುದು ನಿಜ. ಆ ಮಾರ್ಗವನ್ನು ನಾನು ಸಮರ್ಥಿಸಲಾರೆ. ಆದರೆ ಅವರ ಸಿಟ್ಟು ಹುಟ್ಟಿದ್ದೆಲ್ಲಿ ಎಂದು ಯೋಚಿಸಬೇಕು. ರೈಲ್ವೆಯ ಹೊರಗೆ ಎಲ್ಲಿಯಾದರೂ ತಮ್ಮ ಪ್ರಮಾಣಪತ್ರಕ್ಕೆ ಬೆಲೆಯಿದೆಯೆಂಬ ನಂಬಿಕೆ ಅವರಿಗಿದ್ದಿದ್ದರೆ ಆ ಒಂದೇ ಬಾಗಿಲನ್ನು ಅಷ್ಟು ಹತಾಶರಾಗಿ ಬಡಿಯುತ್ತಿರಲಿಲ್ಲ.

ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು 1995ರಲ್ಲೇ ಪರಿಶೀಲಿಸಿತ್ತು. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಅದು, ತರಬೇತಿಯಾದ ಮಾತ್ರಕ್ಕೆ ಕೆಲಸ ಹಕ್ಕಾಗುವುದಿಲ್ಲವಾದರೂ, ಉಳಿದೆಲ್ಲ ಅರ್ಹತೆ ಸಮನಾಗಿದ್ದಾಗ ಹೊರಗಿನವನಿಗಿಂತ ತರಬೇತಿ ಪಡೆದವನಿಗೆ ಆದ್ಯತೆ ಇರಬೇಕು, ಉದ್ಯೋಗ ವಿನಿಮಯ ಕೇಂದ್ರದ ಮೂಲಕವೇ ಬರಬೇಕೆಂದು ಅವನನ್ನು ಒತ್ತಾಯಿಸಬಾರದು, ಸಂಸ್ಥೆಯು ತರಬೇತಿಯಾದವರ ಪಟ್ಟಿಯನ್ನು ವರ್ಷವಾರು ಇಡಬೇಕು ಎಂದು ಹೇಳಿತು. ವಿವೇಕದ ತೀರ್ಪು ಅದು. ಎಲ್ಲರಿಗೂ ಕೆಲಸ ಕೊಡೆಂದು ಯಾವ ಮಾಲೀಕನನ್ನೂ ಕಟ್ಟಿಹಾಕಲು ಬಾರದು. ಹಾಗೆ ಮಾಡಿದರೆ ಅವನು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿಯಾನು. ಆದರೆ ಕಲಿತವನನ್ನು ಅಪರಿಚಿತನಂತೆ ಕಾಣುವುದೂ ನ್ಯಾಯವಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಇದೆಲ್ಲ ಅಗ್ಗದ ದುಡಿಮೆಗೆ ಕೊಟ್ಟ ಸುಂದರ ಹೆಸರು ಎಂಬುದು ಕಾರ್ಮಿಕ ಸಂಘಗಳ ವಾದ. ಸಿಬ್ಬಂದಿಯ ಶೇಕಡಾ 15ರವರೆಗೆ ಅಪ್ರೆಂಟಿಸರನ್ನು ಇಟ್ಟುಕೊಳ್ಳಬಹುದಾದಾಗ ಕಾಯಂ ನೌಕರರ ಜಾಗ ತುಂಬುವ ಆತುರ ಯಾರಿಗಿರುತ್ತದೆ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಅಪ್ರೆಂಟಿಸನಿಗೆ ತುಂಡುಲೆಕ್ಕದ ಕೂಲಿ ಕೊಡಬಾರದು, ಉತ್ಪಾದನೆಯ ಬೋನಸ್ ಯೋಜನೆಗೆ ಅವನನ್ನು ಎಳೆಯಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಅವನಿಂದ ಮಾಲು ತೆಗೆಯುವುದು ಉದ್ದೇಶವಲ್ಲ ಎಂಬುದು ಇದರ ಅರ್ಥ. ವ್ಯವಸ್ಥೆಯನ್ನು ಕೈಬಿಡುವುದಕ್ಕಿಂತ ಕಲಿಕೆಯ ದಾಖಲೆಯನ್ನು ಕಾರ್ಮಿಕ ಸಂಘದ ಪ್ರತಿನಿಧಿಗೂ ತೋರಿಸುವಂತೆ ಮಾಡುವುದು ಮೇಲು. ಎರಡನೆಯ ಆಕ್ಷೇಪ ಮಾಲೀಕರದು: ನಾವು ಖರ್ಚು ಮಾಡಿ ಕಲಿಸುತ್ತೇವೆ, ಕಲಿತ ಮೇಲೆ ಎದುರುಗಡೆಯವನು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಎಳೆದುಕೊಳ್ಳುತ್ತಾನೆ. ಒಬ್ಬಿಬ್ಬರು ಮಾತ್ರ ಕಲಿಸಿದರೆ ಈ ನಷ್ಟ ನಿಜ. ಎಲ್ಲರೂ ಕಲಿಸಿದರೆ ನಿಮ್ಮಲ್ಲಿ ಕಲಿತವನು ಅಲ್ಲಿಗೆ ಹೋಗುತ್ತಾನೆ, ಅಲ್ಲಿ ಕಲಿತವನು ನಿಮ್ಮಲ್ಲಿಗೆ ಬರುತ್ತಾನೆ.

ಜರ್ಮನಿಯ ಅನುಭವ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಎಂಟು ಕೋಟಿಯಷ್ಟು ಜನಸಂಖ್ಯೆಯ ಆ ದೇಶದಲ್ಲಿ ಸುಮಾರು 12 ಲಕ್ಷ ಅಪ್ರೆಂಟಿಸರಿದ್ದಾರೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕೆಲಸದ ಜಾಗ. ಹೀಗೆ ಸಾಮಾನ್ಯವಾಗಿ ಮೂರು ವರ್ಷ. 1969ರ ಅವರ ವೃತ್ತಿಶಿಕ್ಷಣ ಕಾಯ್ದೆ ಮಾಲೀಕ, ಶಿಕ್ಷಣ ಇಲಾಖೆ, ವಾಣಿಜ್ಯ ಮಂಡಲಿಗಳಿಗೆ ಪ್ರತ್ಯೇಕ ಹೊಣೆ ಹಂಚಿದೆ. ಪರೀಕ್ಷೆ ನಡೆಸುವುದು ವಾಣಿಜ್ಯ ಮಂಡಲಿಗಳೇ ಆದ್ದರಿಂದ ಪ್ರಮಾಣಪತ್ರಕ್ಕೆ ಎಲ್ಲ ಉದ್ಯಮಿಗಳಲ್ಲೂ ಬೆಲೆಯಿದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಅಪ್ರೆಂಟಿಸನಿಗೆ ಕಲಿಸುವ ಹಿರಿಯ ಕೆಲಸಗಾರ ತನ್ನ ಕಸುಬಿನಲ್ಲಿ ಪಳಗಿದ್ದರೆ ಸಾಲದು, ಕಲಿಸುವ ಕಲೆಯಲ್ಲೂ ಪರೀಕ್ಷೆ ಪಾಸು ಮಾಡಿರಬೇಕು. ಜರ್ಮನಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ನಮ್ಮ ದುಡಿಮೆಯ ಬಹುಭಾಗ ಪುಟ್ಟ ಅಂಗಡಿ, ಪುಟ್ಟ ಶೆಡ್ಡುಗಳಲ್ಲಿ ನಡೆಯುತ್ತದೆ. ಆದರೆ ಕಲಿಸುವವನಿಗೆ ಗೌರವವನ್ನೂ ಅದಕ್ಕೊಂದಿಷ್ಟು ಭತ್ಯೆಯನ್ನೂ ಕೊಡುವ ಪದ್ಧತಿಯನ್ನು ತರಲು ಅಡ್ಡಿಯಿಲ್ಲ. ನಮ್ಮಲ್ಲಿ ಸರ್ಕಾರದ ನೆರವು ಕಲಿಯುವವನ ವಿದ್ಯಾವೇತನಕ್ಕೆ ಸಿಗುತ್ತದೆ. ತನ್ನ ಪಾಳಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಕಲಿಸುವ ಮೇಸ್ತ್ರಿಯ ನೆನಪು ಯಾರಿಗೂ ಆಗುವುದಿಲ್ಲ.

ರಾಜ್ಯ ಸರ್ಕಾರಗಳೂ ಸುಮ್ಮನಿಲ್ಲ. ಕರ್ನಾಟಕ ಸರ್ಕಾರ 2023ರ ಕೊನೆಯಲ್ಲಿ ನೋಂದಣಿ ಆರಂಭಿಸಿದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುವ ಭರವಸೆಯಿತ್ತಿತು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ತಂದ ಮುಖ್ಯಮಂತ್ರಿ ಯುವ ಕಾರ್ಯ ತರಬೇತಿ ಯೋಜನೆ 6,000ದಿಂದ 10,000 ರೂಪಾಯಿ ವಿದ್ಯಾವೇತನದೊಡನೆ ಆರು ತಿಂಗಳ ಕೆಲಸವನ್ನು ಒದಗಿಸಿತು. ಮರುವರ್ಷ ಅದನ್ನು ಹನ್ನೊಂದು ತಿಂಗಳಿಗೆ ವಿಸ್ತರಿಸಲಾಯಿತು. ಎರಡೂ ಸದುದ್ದೇಶದವು. ಆದರೆ ಎರಡಕ್ಕೂ ಆಯಾ ರಾಜ್ಯದ ನಿವಾಸಿಯೆಂಬ ದಾಖಲೆ ಬೇಕು. ಅಥಣಿಯಿಂದಲೋ ಕುಂದಾಪುರದಿಂದಲೋ ಹೋದ ವರ್ಷವಷ್ಟೇ ಈ ಮಹಾನಗರಕ್ಕೆ ಬಂದ ಹುಡುಗ ಇಲ್ಲಿಯ ಯೋಜನೆಗೆ ಸಲ್ಲುವುದಿಲ್ಲ. 1961ರ ಕೇಂದ್ರ ಕಾಯ್ದೆ ಹಾಗಲ್ಲ. ಅದರ ಮೂರನೆಯ ಸೆಕ್ಷನ್ನು ಕೇಳುವುದು ವಯಸ್ಸು, ಓದು, ದೇಹದಾರ್ಢ್ಯ ಇಷ್ಟನ್ನೇ. ಯಾವ ರಾಜ್ಯದವನು, ಯಾವ ಮಾತಿನವನು ಎಂದು ಕೇಳುವುದಿಲ್ಲ. ಊರು ಬಿಟ್ಟು ಬಂದವರಿಗೆ ಇದಕ್ಕಿಂತ ಹತ್ತಿರದ ಕಾಯ್ದೆ ಇನ್ನೊಂದಿಲ್ಲ ಎಂದರೂ ನಡೆದೀತು.

ಆದರೂ ನಮ್ಮ ಮನೆಗಳಲ್ಲಿ ಇದರ ಮಾತು ಬರುವುದಿಲ್ಲ. ಕಾರಣವನ್ನು ಬಿಚ್ಚಿ ಹೇಳಬೇಕಾದರೆ, ನಮ್ಮ ಎರಡನೆಯ ತಲೆಮಾರು ಕೈಗೆ ಮಸಿ ಹತ್ತುವ ಕೆಲಸವನ್ನು ಕೀಳೆಂದು ಬಗೆಯತೊಡಗಿದೆ. ಅಪ್ಪ ಹೋಟೆಲಿನ ಹಬೆಯಲ್ಲಿ, ಗಿರಣಿಯ ಹತ್ತಿಯ ಧೂಳಿನಲ್ಲಿ ಬೆಂದವರು. ಮಗ ಮೇಜಿನ ಹಿಂದೆ ಕೂರಬೇಕೆಂಬ ಅವರ ಬಯಕೆಯಲ್ಲಿ ತಪ್ಪಿಲ್ಲ. ಆದರೆ ಮೇಜುಗಳ ಸಂಖ್ಯೆ ಕಡಿಮೆಯಾಗುತ್ತಿರುವ ಕಾಲದಲ್ಲಿ, ಮೂರು ವರ್ಷ ಸ್ಪರ್ಧಾ ಪರೀಕ್ಷೆಗಳ ಬೆನ್ನು ಹತ್ತಿ ಬಳಲಿದ ಮಗನನ್ನು ಒಂದು ವರ್ಷ ವರ್ಕ್‌ಶಾಪಿಗೋ ಲೆಕ್ಕಪತ್ರದ ಕಚೇರಿಗೋ ಅಪ್ರೆಂಟಿಸನಾಗಿ ಕಳುಹಿಸಲು ‘ನಾಲ್ಕು ಜನ ಏನೆಂದಾರು’ ಎಂದು ಹಿಂಜರಿಯುವುದು ಅವನಿಗೇ ಕೇಡು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಹಿಂಜರಿಕೆ ಇಮ್ಮಡಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಹೇಳಿಕೊಟ್ಟ ಜನ ನಾವು; ಕಾಯಕಕ್ಕೆ ಪೂಜೆಯ ಸ್ಥಾನ ಕೊಟ್ಟ ಶರಣರ ನಾಡಿನವರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಿಂದ ವೃತ್ತಿಜೀವನ ಆರಂಭಿಸಿದ ಸರ್ ಎಂ. ವಿಶ್ವೇಶ್ವರಯ್ಯನವರೂ ಒಂದು ಅರ್ಥದಲ್ಲಿ ಹೊರನಾಡ ಕನ್ನಡಿಗರೇ. ಎಂಜಿನಿಯರಿಂಗ್ ಕಾಲೇಜಿನ ಸ್ಥಾಪನೆಗೆ ಕಾರಣರಾದ ಅವರು ಅಷ್ಟಕ್ಕೇ ತೃಪ್ತರಾಗದೆ, ಸಾಮಾನ್ಯ ಓದಿನ ಹುಡುಗರೂ ಕಸುಬು ಕಲಿಯಲೆಂದು 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹುಟ್ಟಲು ನೆರವಾದರು.

ಹಾಗಾದರೆ ನಮ್ಮ ಸಂಘಗಳು ಮಾಡಬಹುದಾದುದೇನು? ನಾಟಕ, ಯಕ್ಷಗಾನ, ರಾಜ್ಯೋತ್ಸವಗಳ ಜೊತೆಗೆ ಈ ಕೆಲಸಕ್ಕೂ ಒಂದು ಸಣ್ಣ ಸಮಿತಿ ಇರಲೆಂಬುದು ನನ್ನ ವಿನಂತಿ. ಮೊದಲನೆಯದಾಗಿ, ನಮ್ಮ ಸದಸ್ಯರಲ್ಲಿ ಹೋಟೆಲು, ಕೇಟರಿಂಗ್, ಸಾರಿಗೆ, ಮುದ್ರಣ, ಸಣ್ಣ ಎಂಜಿನಿಯರಿಂಗ್ ಘಟಕ, ಲೆಕ್ಕಪರಿಶೋಧನೆಯ ಕಚೇರಿ ನಡೆಸುವವರು ಅನೇಕರಿದ್ದಾರೆ. ನಾಲ್ಕು ಜನ ನೌಕರರಿದ್ದರೂ ಅಪ್ರೆಂಟಿಸರನ್ನು ತೆಗೆದುಕೊಳ್ಳಬಹುದೆಂಬುದು ಬಹುಮಂದಿಗೆ ತಿಳಿದಿಲ್ಲ. ಅಂಥವರ ಒಂದು ಪಟ್ಟಿ ಮಾಡಿ, ನೋಂದಣಿಯ ಕ್ರಮವನ್ನು ವಿವರಿಸುವ ಒಂದು ಸಂಜೆಯನ್ನು ಏರ್ಪಡಿಸಬಹುದು. ಪದವೀಧರ ಮತ್ತು ಡಿಪ್ಲೊಮಾ ಅಪ್ರೆಂಟಿಸರ ವ್ಯವಹಾರ ನೋಡಿಕೊಳ್ಳುವ ಪಶ್ಚಿಮ ವಲಯದ ಮಂಡಲಿ ಮುಂಬಯಿಯ ಸಯನ್‌ನಲ್ಲೇ ಇದೆ. ದಕ್ಷಿಣ ವಲಯದ್ದು ಚೆನ್ನೈನಲ್ಲಿದೆ. ಮಜಗಾಂವ್ ಡಾಕಿನಂಥ ಸಂಸ್ಥೆಗಳು ಎಂಟನೆಯ ತರಗತಿ, ಹತ್ತನೆಯ ತರಗತಿ, ಐ.ಟಿ.ಐ. ಮುಗಿಸಿದವರನ್ನು ಬೇರೆ ಬೇರೆ ಗುಂಪುಗಳಲ್ಲಿ ಅಪ್ರೆಂಟಿಸರಾಗಿ ಆರಿಸಿಕೊಳ್ಳುತ್ತ ಬಂದಿವೆ. ಆ ಪ್ರಕಟಣೆಗಳು ನಮ್ಮ ಹುಡುಗರಿಗೆ ಹೊತ್ತಿಗೆ ಸರಿಯಾಗಿ ತಲಪುವಂತೆ ಮಾಡಬಹುದು.

ಎರಡನೆಯದಾಗಿ, ರೈಲ್ವೆ, ಬಂದರು, ಗಿರಣಿ, ಬ್ಯಾಂಕುಗಳಿಂದ ನಿವೃತ್ತರಾದ ನುರಿತ ಹಿರಿಯರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ವಾರಕ್ಕೊಂದು ಭಾನುವಾರದ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಕುಳಿತು, ಹುಡುಗರು ಆ ವಾರ ಕೆಲಸದಲ್ಲಿ ಕಂಡುದನ್ನು ಕನ್ನಡದಲ್ಲೇ ಬಿಡಿಸಿ ಹೇಳಿದರೆ ರಾತ್ರಿ ಶಾಲೆಯ ಪರಂಪರೆ ಹೊಸ ರೂಪದಲ್ಲಿ ಮುಂದುವರಿದಂತಾಗುತ್ತದೆ. ಇಂಗ್ಲಿಷು, ಮರಾಠಿಗಳಲ್ಲಿ ಅರ್ಧ ತಿಳಿದದ್ದು ತಾಯ್ನುಡಿಯಲ್ಲಿ ಪೂರ್ತಿ ತಿಳಿಯುತ್ತದೆ. ಮೂರನೆಯದಾಗಿ, ವಸತಿ. ಏಳೆಂಟು ಸಾವಿರ ರೂಪಾಯಿ ವಿದ್ಯಾವೇತನದಲ್ಲಿ ಈ ನಗರದಲ್ಲಿ ಕೋಣೆ ಹಿಡಿದು ಉಣ್ಣಲಾಗದು. ತರಬೇತಿಯನ್ನು ನಡುವೆಯೇ ಬಿಟ್ಟುಹೋಗುವವರಲ್ಲಿ ಎಷ್ಟೋ ಜನಕ್ಕೆ ಇದೇ ಕಾರಣ. ಭವನ ಕಟ್ಟುವ ಸಂಘಗಳು ಒಂದು ಮಹಡಿಯಲ್ಲಿ ಹತ್ತು ಮಂಚ ಹಾಕಿದರೆ, ಸದಸ್ಯರ ಹೋಟೆಲುಗಳು ರಿಯಾಯಿತಿಯ ಊಟದ ಚೀಟಿ ಕೊಟ್ಟರೆ, ಪ್ರತಿ ವರ್ಷ ಹತ್ತು ಹುಡುಗರ ತರಬೇತಿ ಪೂರ್ಣವಾಗುತ್ತದೆ.

ಕೊನೆಯದಾಗಿ, ಸಮಿತಿಯವರು ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ಹುಡುಗನನ್ನೂ ಹುಡುಗಿಯನ್ನೂ ಕರೆದು ಮೂರು ಪ್ರಶ್ನೆ ಕೇಳಲಿ: ನಿನಗೆ ಕಲಿಸುತ್ತಿರುವವರು ಯಾರು? ಈ ಮೂರು ತಿಂಗಳಲ್ಲಿ ಹೊಸದಾಗಿ ಏನು ಮಾಡಲು ಬಂತು? ನಿನ್ನ ದಾಖಲೆ ಪುಸ್ತಕದಲ್ಲಿ ಏನು ಬರೆದಿದ್ದಾರೆ? ಉತ್ತರ ಸರಿಯಿಲ್ಲದಿದ್ದರೆ ಮಾಲೀಕರಿಗೆ ಒಂದು ವಿನಯದ ಪತ್ರ ಬರೆಯಲಿ. ಅದಕ್ಕೂ ಬೆಲೆ ಸಿಗದಿದ್ದರೆ ಅಪ್ರೆಂಟಿಸ್ ಸಲಹಾಧಿಕಾರಿಗೆ ದೂರು ಕೊಡಲಿ. ಒಬ್ಬಂಟಿ ಹುಡುಗನ ದೂರಿಗಿಂತ ನೋಂದಾಯಿತ ಸಂಘದ ಮುದ್ರೆಯುಳ್ಳ ಪತ್ರಕ್ಕೆ ಕಚೇರಿಗಳಲ್ಲಿ ಹೆಚ್ಚು ತೂಕವಿದೆಯೆಂಬುದನ್ನು ಪತ್ರಗಳನ್ನು ಸ್ವೀಕರಿಸುವ ಕಡೆ ಕುಳಿತು ಬಲ್ಲ ನಾನು ಹೇಳಬಲ್ಲೆ. ಸರ್ಕಾರವೂ ಇವೇ ಮೂರು ಪ್ರಶ್ನೆಗಳ ಉತ್ತರವನ್ನು ಜಿಲ್ಲೆವಾರು ಪ್ರಕಟಿಸುವ ದಿನ ಬರಬೇಕು. ಅಲ್ಲಿಯವರೆಗೆ ಕಾಯದೆ, ಈ ಮಳೆಗಾಲದ ನಂತರ ಐ.ಟಿ.ಐ. ಮತ್ತು ಪದವಿ ಮುಗಿಸಿ ಕುಳಿತಿರುವ ನಮ್ಮ ಮಕ್ಕಳ ಹೆಸರು ಬರೆದುಕೊಳ್ಳುವುದರಿಂದ ನಾವು ಆರಂಭಿಸಬಹುದು.